ಗಂಟೆಗೊಂದು ಸಲ ಆಫ್ ಆಗುತ್ತಿದ್ದ ಸರ್ವರ್: ಟ್ರಯಲ್‌ನಿಂದ ಲೈಸೆನ್ಸ್‌ವರೆಗೆ ಒಂದು ಚಿಕ್ಕ ಇತಿಹಾಸ

ಮಾಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮಗೆ ಪರಿಚಯದವರದ್ದೊಂದು ಚಿಕ್ಕ ಫ್ಯಾಕ್ಟರಿ ಇದೆ. 2019ರಲ್ಲಿ ಒಂದು ದಿನ ಅಲ್ಲಿನ ಸರ್ವರ್ ಇದ್ದಕ್ಕಿದ್ದಂತೆ ಆಫ್ ಆಯಿತು. ಯಾರೋ ಬಟನ್ ಒತ್ತಿದರು, ಆನ್ ಆಯಿತು. ಒಂದು ಗಂಟೆ ಕಳೆದ ಮೇಲೆ ಮತ್ತೆ ಆಫ್. ನಮ್ಮ ಕಡೆ ಯಾವ ಮೆಷಿನ್ ಆಫ್ ಆದರೂ ಮೊದಲು ಬೈಸಿಕೊಳ್ಳೋದು ಕರೆಂಟು ತಾನೇ? ಅವರೂ ಕರೆಂಟನ್ನು ಬೈದರು. ಆಮೇಲೆ ಯುಪಿಎಸ್ ಅನ್ನು ಬೈದರು. ಬ್ಯಾಟರಿ ಎಲ್ಲಾ ಹೊಸದು ಹಾಕಿಸಿದರು. ಸರ್ವರ್ ಮಾತ್ರ ಗಡಿಯಾರ ನೋಡಿಕೊಂಡಂತೆ ಗಂಟೆಗೊಂದು ಸಲ ಮಲಗುತ್ತಲೇ ಇತ್ತು. ಎರಡು ದಿನ ಬಿಟ್ಟು ನನಗೆ ಫೋನ್ ಬಂತು. "ಏನಪ್ಪಾ ಇಂಜಿನಿಯರೇ, ನೀನು ಕೂರಿಸಿದ ದೇವರು ಗಂಟೆಗೊಂದ್ಸಲ ಮುನಿಸ್ಕೊಳ್ತಾ ಇದೆ, ಬಂದು ನೋಡು" ಅಂದರು ಓನರ್.

ಹೌದು, ಕೂರಿಸಿದ್ದು ನಾನೇ. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದ ಹುಮ್ಮಸ್ಸಿನಲ್ಲಿ ವಿಂಡೋಸ್ ಸರ್ವರ್ 2016ರ ಎವ್ಯಾಲ್ಯುಯೇಷನ್ ಕಾಪಿ, ಅಂದರೆ ಟ್ರಯಲ್, ಡೌನ್‌ಲೋಡ್ ಮಾಡಿ ಹಾಕಿಕೊಟ್ಟಿದ್ದೆ. ಅದರ ಆಯಸ್ಸು 180 ದಿನ.

ಮಾರಿಕುಪ್ಪಂ ಗಾಡಿ ಹತ್ತಿ ಮಾಲೂರಲ್ಲಿ ಇಳಿದು ಹೋಗಿ ಈವೆಂಟ್ ವ್ಯೂವರ್ ತೆಗೆದು ನೋಡಿದೆ. ಡಬ್ಲ್ಯೂಎಲ್‌ಎಂಎಸ್ ಅನ್ನೋ ಒಂದು ಪ್ರೋಗ್ರಾಂ ಮೆಷಿನ್ ಆಫ್ ಮಾಡಿದೆ, ಕಾರಣ ಲೈಸೆನ್ಸ್ ಅವಧಿ ಮುಗಿದಿದೆ ಅಂತ ನೀಟಾಗಿ ಬರೆದಿತ್ತು. ವಿಂಡೋಸ್ ಲೈಸೆನ್ಸ್ ಮಾನಿಟರಿಂಗ್ ಸರ್ವೀಸ್ ಅಂತ ಅದರ ಪೂರ್ತಿ ಹೆಸರು. ಟ್ರಯಲ್ ಮುಗಿದ ಸರ್ವರನ್ನು ಗಂಟೆಗೊಮ್ಮೆ ಮಲಗಿಸೋದೇ ಅದರ ಕೆಲಸ. ಬ್ಯಾಟರಿಗೆ ಹಾಕಿದ ದುಡ್ಡು ದಂಡ.

ಇನ್ನೂ ನಾಚಿಕೆಯ ವಿಷಯ ಹೇಳುತ್ತೇನೆ ಕೇಳಿ. ಓನರ್ ಮೊದಲ ತಿಂಗಳಲ್ಲೇ ದುಡ್ಡು ಕೊಟ್ಟು ಲೈಸೆನ್ಸ್ ತರಿಸಿದ್ದರು! 25 ಅಕ್ಷರದ ಕೀ ಅಕೌಂಟ್ಸ್ ಮೇಡಂ ಅವರ ಬೀರುವಿನಲ್ಲಿ ಬಿಲ್ ಜೊತೆ ಪಿನ್ ಹೊಡೆದುಕೊಂಡು ತಣ್ಣಗೆ ಕೂತಿತ್ತು. "ಕೀ ತಾನೇ, ಯಾವಾಗ ಹಾಕಿದರೂ ಆಗುತ್ತೆ" ಅಂತ ಹೇಳಿದ್ದವನೂ ನಾನೇ. ಈಗ ಹಾಕೋಕೆ ಹೋದರೆ ತಗೊಳ್ಳಲಿಲ್ಲ. ಯಾಕೆಂದರೆ ಆ ಆರು ತಿಂಗಳಲ್ಲಿ ಆ ಮೆಷಿನ್ ಡೊಮೈನ್ ಕಂಟ್ರೋಲರ್ ಆಗಿಬಿಟ್ಟಿತ್ತು. ಇಡೀ ಫ್ಯಾಕ್ಟರಿಯ ಲಾಗಿನ್, ಪಾಸ್‌ವರ್ಡ್ ಎಲ್ಲಾ ಅದರ ಕೈಯಲ್ಲಿ. ಟ್ರಯಲ್ ಆಗಿ ಹುಟ್ಟಿ ಡೊಮೈನ್ ಕಂಟ್ರೋಲರ್ ಆದ ಸರ್ವರನ್ನು ಅದೇ ಸ್ಥಿತಿಯಲ್ಲಿ ಲೈಸೆನ್ಸ್ ವರ್ಷನ್‌ಗೆ ಬದಲಾಯಿಸೋಕೆ ಬರೋದಿಲ್ಲ ಅಂತ ಮೈಕ್ರೋಸಾಫ್ಟ್ ತನ್ನ ದಾಖಲೆಯಲ್ಲೇ ಬರೆದಿದೆ. ನಾನು ಓದಿರಲಿಲ್ಲ.

ಅವತ್ತು ವಾಪಸ್ ಬರುವಾಗ ಗಾಡಿಯಲ್ಲಿ ಕೂತು ಯೋಚಿಸಿದೆ. ಈ ಟ್ರಯಲ್ ಅನ್ನೋದು ಎಲ್ಲಿಂದ ಬಂತು? ಈ ಗಂಟೆ ಲೆಕ್ಕ ಯಾರದ್ದು? ಆಮೇಲೆ ಹುಡುಕುತ್ತಾ ಹೋದೆ. ಕೋಲಾರದಲ್ಲಿ ತೊಂಬತ್ತರ ದಶಕದಿಂದ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ನನ್ನ ಸೋದರಮಾವನನ್ನೂ ಕಾಡಿಸಿದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

"ಬಳಸಿ ನೋಡಿ, ಇಷ್ಟವಾದರೆ ದುಡ್ಡು ಕೊಡಿ" ಅನ್ನೋ ವ್ಯಾಪಾರ ಶುರುವಾದದ್ದು ಅಮೆರಿಕದಲ್ಲಿ, 1982ರ ಸುಮಾರಿಗೆ. ಆಂಡ್ರ್ಯೂ ಫ್ಲೂಗಲ್‌ಮನ್ ಅವರ ಪಿಸಿ-ಟಾಕ್, ಜಿಮ್ ನಾಫ್ ಅವರ ಪಿಸಿ-ಫೈಲ್ ಮೊದಲ ಸಾಲಿನವು. ಮರುವರ್ಷ ಬಾಬ್ ವಾಲೇಸ್ ತನ್ನ ಪಿಸಿ-ರೈಟ್ ಅನ್ನು ಶೇರ್‌ವೇರ್ ಅಂತ ಕರೆದು ಹಂಚಿದರು. ಅಲ್ಲಿ ಬೀಗವೂ ಇರಲಿಲ್ಲ, ಗಡುವೂ ಇರಲಿಲ್ಲ. ಬರೀ ನಂಬಿಕೆ. ಮನೆಯಲ್ಲಿ ಬಳಸೋ ಚಿಕ್ಕ ಸಾಫ್ಟ್‌ವೇರ್‌ಗೆ ಅದು ನಡೆಯಿತು. ಸರ್ವರ್ ಸಾಫ್ಟ್‌ವೇರ್ ಮಾರುವವರು ಮಾತ್ರ ಅಷ್ಟು ಭೋಳೆ ಆಗಿರಲಿಲ್ಲ :-)

ನಮ್ಮ ಮಾವ ಮೊದಲು ಕಲಿತ ಸರ್ವರ್ ನೋವೆಲ್ ನೆಟ್‌ವೇರ್. ತೊಂಬತ್ತರ ದಶಕದಲ್ಲಿ ಕಾಲೇಜು ಲ್ಯಾಬ್, ಆಫೀಸು ಎಲ್ಲಿ ನೋಡಿದರೂ ಅದೇ. ನೆಟ್‌ವೇರ್ 3ರ ಪ್ರತಿ ಕಾಪಿಗೂ ಒಂದು ಸೀರಿಯಲ್ ನಂಬರ್. ಒಂದೇ ಫ್ಲಾಪಿ ಸೆಟ್‌ನಿಂದ ಎರಡು ಸರ್ವರ್ ಮಾಡಿ ಒಂದೇ ನೆಟ್‌ವರ್ಕ್‌ಗೆ ಹಾಕಿದರೆ ಎರಡೂ ಒಂದನ್ನೊಂದು ಗುರುತು ಹಿಡಿದು 'ಕಾಪಿರೈಟ್ ವಯೊಲೇಷನ್' ಅಂತ ಎಲ್ಲಾ ಸ್ಕ್ರೀನಿಗೂ ಮೆಸೇಜ್ ಕಳಿಸುತ್ತಿದ್ದವು. "ನಾವೇನೂ ಮಾಡ್ಬೇಕಾಗಿರ್ಲಿಲ್ಲ ಕಣೋ, ಅವೇ ಚಾಡಿ ಹೇಳ್ಕೊಳ್ತಿದ್ವು" ಅಂತಾರೆ ಮಾವ. ಆಗ ಲೈಸೆನ್ಸ್ ಅಂದರೆ ಕೈಯಲ್ಲಿ ಹಿಡಿಯೋ ವಸ್ತು. ಫ್ಲಾಪಿ ಇದ್ದರೆ ಲೈಸೆನ್ಸ್ ಇದೆ, ಫ್ಲಾಪಿಗೆ ಬೂಷ್ಟು ಹಿಡಿದರೆ ಲೈಸೆನ್ಸಿಗೂ ಬೂಷ್ಟು.

ಇದೇ ವಸ್ತುವಿನ ಕಾಲದ್ದು ಡಾಂಗಲ್. ಬೆಂಗಳೂರಿನ ಟ್ಯಾಲಿ ನಿಮಗೆಲ್ಲಾ ಗೊತ್ತು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿ. ಹಳೆಯ ಟ್ಯಾಲಿಗೆ ಕಂಪ್ಯೂಟರ್ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸೋ ಒಂದು ಬೀಗ ಬರುತ್ತಿತ್ತು. 2006ರ ಟ್ಯಾಲಿ 9ರ ಹೊತ್ತಿಗೆ ಆ ಬೀಗ ಹೋಗಿ ಇಂಟರ್‌ನೆಟ್ ಮೂಲಕ ಆಕ್ಟಿವೇಟ್ ಮಾಡೋ ಲೈಸೆನ್ಸ್ ಬಂತು. ನಾಲ್ಕು ಮೆಷಿನ್ ಇರೋ ಕಡೆ ಒಂದರಲ್ಲಿ ಲೈಸೆನ್ಸ್ ಸರ್ವರ್ ಕೂರಿಸಿದರೆ ಉಳಿದವು ಅಲ್ಲಿಂದ ಕೇಳಿ ತಗೊಳ್ಳುತ್ತವೆ. ಲೈಸೆನ್ಸ್ ಇಲ್ಲದಿದ್ದರೆ ಟ್ಯಾಲಿ ಸಾಯೋದಿಲ್ಲ. 'ಎಜುಕೇಷನಲ್ ಮೋಡ್'ನಲ್ಲಿ ಎದ್ದು ಕೂರುತ್ತದೆ. ಎಲ್ಲಾ ಕೆಲಸ ಮಾಡುತ್ತದೆ, ಆದರೆ ವೋಚರ್ ಹಾಕೋಕೆ ತಿಂಗಳಲ್ಲಿ 1, 2 ಮತ್ತು 31ನೇ ತಾರೀಖು ಮಾತ್ರ ಸಿಗುತ್ತದೆ. ಕಲಿಯೋರಿಗೆ ಸಾಕು, ವ್ಯಾಪಾರ ಮಾಡೋರಿಗೆ ಸಾಲದು ಅನ್ನೋ ಲೆಕ್ಕ.

ನಮ್ಮವರು ಅದರಲ್ಲೂ ವ್ಯಾಪಾರ ಮಾಡಿದರು! ಶ್ರೀನಿವಾಸಪುರದ ಒಂದು ಮಾವಿನ ಮಂಡಿಯ ಕಥೆಯನ್ನು ಮಾವ ಈಗಲೂ ಹೇಳುತ್ತಾರೆ. ಶ್ರೀನಿವಾಸಪುರಕ್ಕೆ ಮಾವಿನ ಸೀಸನ್ ಅಂದರೆ ಏನು ಅಂತ ಆ ಕಡೆಯವರಿಗೆ ಹೇಳಬೇಕಿಲ್ಲ. ಮೇನಲ್ಲಿ ಬಾದಾಮಿ, ರಸಪುರಿ, ಆಮೇಲೆ ತೋತಾಪುರಿ, ರಸ್ತೆ ತುಂಬಾ ಗಾಡಿ. ಮಂಡಿಯವರು ಹೊಸ ಕಂಪ್ಯೂಟರ್ ತಗೊಂಡರು, ಟ್ಯಾಲಿ ಹಾಕಿಸಿದರು, ಲೈಸೆನ್ಸ್ "ಸೀಸನ್ ಮುಗೀಲಿ, ದುಡ್ಡು ಬರ್ಲಿ" ಅಂದರು. ಗುಮಾಸ್ತ ಬುದ್ಧಿವಂತ. ಎಲ್ಲಾ ಬಿಲ್ಲನ್ನೂ 1 ಅಥವಾ 2ನೇ ತಾರೀಖಿಗೆ ಹಾಕಿ, ನಿಜವಾದ ತಾರೀಖನ್ನು ಕೆಳಗೆ ವಿವರಣೆಯ ಜಾಗದಲ್ಲಿ ಟೈಪ್ ಮಾಡುತ್ತಾ ಹೋದ. ಮೇ ತಿಂಗಳಿಗೆ 31 ಇತ್ತು. ಜೂನಿಗೆ ಅದೂ ಇಲ್ಲ. ತೋತಾಪುರಿಯ ಭರಾಟೆಯ ಇಡೀ ಜೂನ್ ತಿಂಗಳು ಎರಡೇ ದಿನದಲ್ಲಿ ನಡೆದುಹೋಯಿತು :-)

ಸೀಸನ್ ಮುಗಿದ ಮೇಲೆ ಅವರು ಮಾತಿಗೆ ತಪ್ಪದೆ ಲೈಸೆನ್ಸ್ ಕೊಂಡರು. ಮಾವ ಹೋಗಿ ಆಕ್ಟಿವೇಟ್ ಮಾಡಿದರು. ಕೆಲವೇ ನಿಮಿಷದ ಕೆಲಸ. ಎಜುಕೇಷನಲ್ ಅನ್ನೋ ಪಟ್ಟಿ ಹೋಗಿ ಸೀರಿಯಲ್ ನಂಬರ್ ಬಂತು, ಡೇಟಾ ಹಾಗೇ ಇತ್ತು. ಎಲ್ಲರಿಗೂ ಖುಷಿ. ಆಮೇಲೆ ಯಾರೋ ಒಬ್ಬ ತೋಟದವರು ಲೆಕ್ಕ ಕೇಳೋಕೆ ಬಂದರು. ಮಂಡಿಯಿಂದ ಮೊದಲೇ ಅಡ್ವಾನ್ಸ್ ತಗೊಂಡಿರುತ್ತಾರೆ, ಕಾಯಿ ಹಾಕಿದ ದಿನದಿಂದ ಬಾಕಿ ಇಳಿಯಬೇಕು, ಬಡ್ಡಿ ಅದರ ಪ್ರಕಾರ. ಲೆಡ್ಜರ್ ನೋಡಿದರೆ ಅವರು ತಿಂಗಳಿಡೀ ಹಾಕಿದ ಕಾಯಿ ಎಲ್ಲಾ ಜೂನ್ 2ಕ್ಕೆ ಬಂದು ಕೂತಿದೆ. ಬೇರೊಬ್ಬರದ್ದು ಉಲ್ಟಾ, 31ಕ್ಕೆ ತಳ್ಳಿದ್ದಾರೆ. ಒಂದೊಂದೇ ವೋಚರ್ ತೆಗೆದು, ವಿವರಣೆ ಓದಿ, ತಾರೀಖು ತಿದ್ದಿದರು. ಗುಮಾಸ್ತ ವಿವರಣೆ ಬರೆಯೋಕೆ ಮರೆತ ಕಡೆ ಮಾತಿನಲ್ಲೇ ರಾಜಿ. ಸಾಫ್ಟ್‌ವೇರ್ ನಿಮಿಷದಲ್ಲಿ ಲೈಸೆನ್ಸ್ ಆಯಿತು, ಟ್ರಯಲ್‌ನಲ್ಲಿ ಮಾಡಿದ ಕೆಲಸ ಆಗಲಿಲ್ಲ. ಈ ಕಥೆಯನ್ನು ನಾನು ಚಿಕ್ಕವನಿದ್ದಾಗಿಂದ ಕೇಳಿ ನಗುತ್ತಿದ್ದೆ. ಮಾಲೂರಲ್ಲಿ ನಾನು ಮಾಡಿದ್ದೂ ಅದೇ ಅಂತ ಹೊಳೆಯೋಕೆ ಸ್ವಲ್ಪ ಹೊತ್ತು ಬೇಕಾಯಿತು.

ಇಲ್ಲಿ ಕಾನೂನಿನ ಬಗ್ಗೆ ಎರಡು ಮಾತು. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಕಂಪ್ಯೂಟರ್ ಪ್ರೋಗ್ರಾಂ ಅದರೊಳಗೆ ಬಂದದ್ದು 1984ರ ತಿದ್ದುಪಡಿಯಲ್ಲಿ, ಅದೂ ಸಾಹಿತ್ಯ ಕೃತಿ ಅನ್ನೋ ಹೆಸರಲ್ಲಿ. (ಕಾನೂನಿನ ಕಣ್ಣಿಗೆ ನಾನೂ ಸಾಹಿತಿ!) 1994ರ ತಿದ್ದುಪಡಿ 1995ರ ಮೇ 10ರಿಂದ ಜಾರಿಗೆ ಬಂದು, ಕಳ್ಳ ಕಾಪಿ ಅಂತ ಗೊತ್ತಿದ್ದೂ ಬಳಸಿದವರಿಗೆ 63ಬಿ ಕಲಮಿನಲ್ಲಿ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತ ಇಟ್ಟಿತು. ನಮ್ಮ ತಾಲ್ಲೂಕುಗಳಲ್ಲಿ ಇದಕ್ಕೆ ಯಾರೂ ಹೆದರಿದ್ದನ್ನು ಮಾವ ಕಂಡಿಲ್ಲವಂತೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬಂದರೆ ಬೇಕಾದ ಸಿಡಿ ಸಿಗುತ್ತಿದ್ದ ಕಾಲ. ಅದಕ್ಕೆ ಮಾವ ಇಟ್ಟ ಹೆಸರು ಬಗರ್ ಹುಕುಂ! ಹುಕುಂ ಇಲ್ಲದೆ ಉಳುಮೆ ಮಾಡ್ತಾ ಇರೋದು, ಯಾವತ್ತೋ ಒಂದು ದಿನ ನಮೂನೆ 50, 53, 57 ಅಂತ ಅರ್ಜಿ ಹಾಕಿ ಸಕ್ರಮ ಮಾಡಿಸಿಕೊಳ್ಳೋದು. ಹೋಲಿಕೆ ಪೂರ್ತಿ ನ್ಯಾಯವಲ್ಲ, ಉಳುವವನ ಹೊಟ್ಟೆಪಾಡು ಬೇರೆ, ನಮ್ಮ ಸಿಡಿ ಬೇರೆ. ಆದರೂ ಹೆಸರು ಚೆನ್ನಾಗಿದೆ.

ಗಂಟೆ ಲೆಕ್ಕದ ಮೂಲ ಸಿಕ್ಕಿದ್ದು ವಿಂಡೋಸ್ ಎನ್‌ಟಿಯಲ್ಲಿ. 1996ರ ಎನ್‌ಟಿ 4, ಆಮೇಲೆ ವಿಂಡೋಸ್ 2000, ಎರಡಕ್ಕೂ 120 ದಿನದ ಎವ್ಯಾಲ್ಯುಯೇಷನ್ ಸಿಡಿ ಇತ್ತು. ಎಂಸಿಎಸ್‌ಇ ಪರೀಕ್ಷೆಯ ದಪ್ಪ ಪುಸ್ತಕಗಳ ಹಿಂದಿನ ರಟ್ಟಿಗೆ ಅಂಟಿಕೊಂಡು ಬರುತ್ತಿತ್ತು. ಗಡುವು ಮೀರಿದ ಎನ್‌ಟಿ ಒಂದು ಗಂಟೆ ಓಡಿ ನೀಲಿ ಪರದೆ ತೋರಿಸಿ ಬೀಳುತ್ತಿತ್ತು. ಆ ನೀಲಿ ಪರದೆಗೆ ಅಂತಲೇ ಒಂದು ಸ್ಟಾಪ್ ಕೋಡ್, ಹೆಕ್ಸ್ 98, ಅರ್ಥ 'ಎನ್‌ಟಿ ಎವ್ಯಾಲ್ಯುಯೇಷನ್ ಅವಧಿ ಮುಗಿಯಿತು'. ಆ ಕೋಡ್ ಪಟ್ಟಿಯಲ್ಲಿ ಇವತ್ತಿಗೂ ಇದೆ. ಪೂರ್ತಿ ನಿಲ್ಲಿಸದೆ ಒಂದು ಗಂಟೆ ಯಾಕೆ ಬಿಟ್ಟರು? ಒಳಗಿರೋ ನಿಮ್ಮ ಸಾಮಾನು ತಗೊಂಡು ಹೋಗೋಕೆ ಅಂತ ನನ್ನ ಅನಿಸಿಕೆ. ಮನೆ ಖಾಲಿ ಮಾಡಿಸೋ ಓನರ್ ದಿನಕ್ಕೆ ಒಂದು ಗಂಟೆ ನೀರು ಬಿಟ್ಟ ಹಾಗೆ. ಆಗ ಬರೀ ಕೀ ಬದಲಿಸಿ ದಾಟೋ ದಾರಿ ಇರಲಿಲ್ಲ, ಪೂರ್ತಿ ವರ್ಷನ್ನಿನ ಸಿಡಿ ಕೊಂಡು ಸೆಟಪ್ ಮತ್ತೆ ಓಡಿಸಬೇಕು. ಜೊತೆಗೆ ಎಷ್ಟು ಜನ ಕನೆಕ್ಟ್ ಆಗುತ್ತಾರೋ ಅಷ್ಟು ಕ್ಲೈಂಟ್ ಲೈಸೆನ್ಸ್ ಬೇರೆ. ಅದರಲ್ಲಿ 'ಪರ್ ಸರ್ವರ್'ನಿಂದ 'ಪರ್ ಸೀಟ್'ಗೆ ಒಂದೇ ಒಂದು ಸಲ ಬದಲಾಯಿಸಬಹುದಿತ್ತು, ವಾಪಸ್ ಬರೋ ಹಾಗಿಲ್ಲ.

ಇದೇ ಕಾಲಕ್ಕೆ ನಮ್ಮ ಜನ ಮೊದಲ ಸಲ ಸರ್ವರ್ ಅನ್ನೋ ಪದ ಕೇಳಿದ್ದು. ಎಲ್ಲಿ ಅಂತೀರಾ? ತಾಲ್ಲೂಕು ಆಫೀಸಿನಲ್ಲಿ! "ಸರ್ವರ್ ಇಲ್ಲ, ನಾಳೆ ಬನ್ನಿ" :-) ಭೂಮಿ ಯೋಜನೆ ಬಂದದ್ದು 2001ರ ಆಸುಪಾಸು. ರಾಜೀವ್ ಚಾವ್ಲಾ ಅವರ ಮುಂದಾಳತ್ವ, ಎನ್‌ಐಸಿಯವರ ಸಾಫ್ಟ್‌ವೇರ್. ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಪ್ರತಿ ತಾಲ್ಲೂಕಿಗೂ ಒಂದು ಸರ್ವರ್, ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್, 15 ರೂಪಾಯಿಗೆ ಒಂದು ಪಹಣಿ. ಆಗಿನ ಕೋಲಾರ ಜಿಲ್ಲೆಯಲ್ಲಿ 11 ತಾಲ್ಲೂಕು, ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ.

ಪಹಣಿಯನ್ನು ಇಲ್ಲಿಗೆ ಯಾಕೆ ತಂದೆ ಅಂದರೆ, ಅಲ್ಲೂ ಇದೇ ಕಥೆ. ಮೊದಲು ಕಂಪ್ಯೂಟರ್ ಪಹಣಿ, ಕೈಬರಹದ ಪಹಣಿ ಎರಡೂ ಜೊತೆಗೆ ಓಡಿದವು. ಆಮೇಲೆ ತಾಲ್ಲೂಕಿಗೆ ತಾಲ್ಲೂಕು ಅಧಿಸೂಚನೆ ಹೊರಡಿಸಿ ಕೈಬರಹದ್ದು ಇನ್ನು ಮಾನ್ಯವಲ್ಲ ಅಂತ ಘೋಷಿಸಿದರು. ಒಂದೇ ದಿನದಲ್ಲಿ ಕಂಪ್ಯೂಟರಿನ ಪಹಣಿಯೇ ಅಧಿಕೃತ, ಅಂದರೆ ಪೂರ್ತಿ ಲೈಸೆನ್ಸ್ ಸಿಕ್ಕಿತು. ಆದರೆ ಶಾನುಭೋಗರ ಕಾಲದಿಂದ ಬಂದ ಪುಸ್ತಕದಲ್ಲಿದ್ದ ತಪ್ಪು, ಟೈಪ್ ಮಾಡುವಾಗ ಸೇರಿದ ತಪ್ಪು ಎರಡೂ ಅದೇ ದಿನ ಅಧಿಕೃತವಾದವು. 3ನೇ ಕಾಲಂನ ವಿಸ್ತೀರ್ಣಕ್ಕೂ 9ನೇ ಕಾಲಂನ ವಿಸ್ತೀರ್ಣಕ್ಕೂ ತಾಳೆ ಆಗದ ಪಹಣಿ ಹಿಡಿದು ಜನ ವರ್ಷಗಟ್ಟಲೆ ಓಡಾಡಿದ್ದಾರೆ. ಶ್ರೀನಿವಾಸಪುರದ ಗುಮಾಸ್ತನ ಜೂನ್ 2ನೇ ತಾರೀಖೇ ನನಗೆ ನೆನಪಾಗೋದು.

ಮುಂದಿನ ಬೀಗ ಫೋನಿನದ್ದು. ವಿಂಡೋಸ್ ಸರ್ವರ್ 2003ಕ್ಕೆ ಆಕ್ಟಿವೇಷನ್ ಬಂತು. ಇಂಟರ್‌ನೆಟ್ ಇದ್ದರೆ ಸರಿ, ಇಲ್ಲದಿದ್ದರೆ ಫೋನ್ ಮಾಡಿ ಸುಮಾರು ಐವತ್ತು ಅಂಕಿ ಓದಿ ಹೇಳಬೇಕು, ಅತ್ತ ಕಡೆಯಿಂದ ಅವರು ಹೇಳೋ ಅಂಕಿಗಳನ್ನು ಬರೆದುಕೊಂಡು ಟೈಪ್ ಮಾಡಬೇಕು. ಮುಳಬಾಗಿಲಿನ ಒಂದು ಶಾಲೆಯ ಲ್ಯಾಬಿನಲ್ಲಿ ಮಾವ ಇದನ್ನು ಮಾಡಿದ್ದಾರೆ. ಲೈನ್ ಸರಿಯಿಲ್ಲ, ಅಂಕಿ ಓದಿ ಹೇಳೋಕೆ ಕೂತಿದ್ದ ಮೇಷ್ಟ್ರು ಮನೆಯಲ್ಲಿ ತೆಲುಗು ಮಾತಾಡೋರು, ಅವಸರದಲ್ಲಿ ಎಂಟಕ್ಕೆ ಎನಿಮಿದಿ ಅಂದರಂತೆ. ಮಾವನೂ ಎನಿಮಿದಿ ಅಂತಲೇ ಫೋನಿನಲ್ಲಿ ಹೇಳಿ, ಅತ್ತ ಕಡೆಯ ಹುಡುಗಿ ಸುಮ್ಮನಾಗಿಬಿಟ್ಟಳಂತೆ! ಮೂಡಲ ಬಾಗಿಲು ಅಂತ ಹೆಸರಿರೋ ಊರು, ಅಲ್ಲಿ ಒಂದು ಬಾಗಿಲು ತೆಗೆಯೋಕೆ ಇಡೀ ಮಧ್ಯಾಹ್ನ. ದೊಡ್ಡ ಕಂಪನಿಗಳ ವಾಲ್ಯೂಮ್ ಕೀಗೆ ಆಗ ಆಕ್ಟಿವೇಷನ್ನೇ ಬೇಕಿರಲಿಲ್ಲ, ಹಾಗಾಗಿ ಅಂಥ ಒಂದು ಕೀ ಹೊರಗೆ ಬಿದ್ದರೆ ಊರೂರು ತಿರುಗುತ್ತಿತ್ತು. 2008ರ ಸರ್ವರ್ ಬರೋ ಹೊತ್ತಿಗೆ ಅದನ್ನೂ ಮುಚ್ಚಿದರು.

ಟ್ರಯಲ್‌ನಿಂದ ಲೈಸೆನ್ಸಿಗೆ ಹೋಗೋದು ನಿಜಕ್ಕೂ ಸುಲಭವಾಗಿದ್ದದ್ದು ಇದೇ ಸರ್ವರ್ 2008ರಲ್ಲಿ. ಟ್ರಯಲ್‌ಗೆ ಬೇರೆ ಕಾಪಿ ಅಂತಲೇ ಬೇಕಿರಲಿಲ್ಲ. ಕೀ ಇಲ್ಲದೆ ಹಾಕಿ, 60 ದಿನ ಓಡುತ್ತದೆ. ಒಂದು ಕಮಾಂಡ್ ಕೊಟ್ಟರೆ ಮತ್ತೆ 60, ಹೀಗೆ ಮೂರು ಸಲ, ಒಟ್ಟು 240 ದಿನ. ಮಧ್ಯೆ ಯಾವಾಗ ಬೇಕಾದರೂ ಕೀ ಹಾಕಿ, ಆಯಿತು. 2012ರಲ್ಲಿ ದಾರಿ ಬದಲಾಯಿತು. ಟ್ರಯಲ್ ಕಾಪಿಯೇ ಬೇರೆ, ಅದರ ಎಡಿಷನ್ ಹೆಸರಿನಲ್ಲೇ ಎವ್ಯಾಲ್ಯುಯೇಷನ್ ಅಂತ ಹೊಲಿದಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಕೀ ಹೊಡೆದರೆ 'ಈ ಕೀ ಈ ಎಡಿಷನ್‌ಗೆ ಅಲ್ಲ' ಅನ್ನುತ್ತದೆ. ಡಿಸ್ಮ್ ಅನ್ನೋ ಟೂಲ್ ಬಳಸಿ, ಸೆಟ್ ಎಡಿಷನ್ ಅಂತ ಹೇಳಿ, ಯಾವ ಎಡಿಷನ್ ಬೇಕು, ಕೀ ಏನು ಅಂತ ಕೊಡಬೇಕು. ಸ್ಟ್ಯಾಂಡರ್ಡ್ ಟ್ರಯಲ್ ಸ್ಟ್ಯಾಂಡರ್ಡಿಗೂ ಹೋಗುತ್ತದೆ, ಡೇಟಾಸೆಂಟರಿಗೂ ಹೋಗುತ್ತದೆ. ಡೇಟಾಸೆಂಟರ್ ಟ್ರಯಲ್ ಕೆಳಗಿಳಿದು ಸ್ಟ್ಯಾಂಡರ್ಡಿಗೆ ಬರೋದಿಲ್ಲ. ಟ್ರಯಲ್ ತಾನೇ ಅಂತ ದೊಡ್ಡದನ್ನೇ ಹಾಕಿಕೊಂಡು, ಆಮೇಲೆ ಚಿಕ್ಕ ಲೈಸೆನ್ಸ್ ಕೊಂಡು ಸಿಕ್ಕಿಹಾಕಿಕೊಂಡವರನ್ನು ಕಂಡಿದ್ದೇನೆ. ಡೊಮೈನ್ ಕಂಟ್ರೋಲರ್ ಆಗಿದ್ದರಂತೂ ಬಾಗಿಲೇ ಇಲ್ಲ.

ಎಸ್‌ಕ್ಯೂಎಲ್ ಸರ್ವರ್ ಈ ವಿಷಯದಲ್ಲಿ ವಾಸಿ. ಅದರ 180 ದಿನದ ಟ್ರಯಲ್‌ನಲ್ಲಿ ಸೆಟಪ್ ತೆಗೆದು ಮೇಂಟೆನೆನ್ಸ್ ಪುಟದಲ್ಲಿ ಎಡಿಷನ್ ಅಪ್‌ಗ್ರೇಡ್ ಒತ್ತಿ ಕೀ ಕೊಟ್ಟರೆ ಡೇಟಾಬೇಸ್ ಮುಟ್ಟದೆ ಕೆಲಸ ಮುಗಿಸುತ್ತದೆ. ವಿಎಂವೇರ್ ಇಎಸ್‌ಎಕ್ಸ್‌ಐಗೆ 60 ದಿನದ ಟ್ರಯಲ್. ಮುಗಿದರೆ ಓಡುತ್ತಿರೋ ಮೆಷಿನ್‌ಗಳು ಓಡುತ್ತವೆ, ಆಫ್ ಮಾಡಿದರೆ ಮತ್ತೆ ಏಳೋದಿಲ್ಲ. ಕರೆಂಟ್ ಹೋಗೋ ಊರಿಗೆ ಇದಕ್ಕಿಂತ ಕೆಟ್ಟ ನಿಯಮ ಇನ್ನೊಂದಿಲ್ಲ :-( "ಲಿನಕ್ಸ್ ಹಾಕಿ, ಈ ತಾಪತ್ರಯವೇ ಇಲ್ಲ" ಅನ್ನೋ ಗೆಳೆಯರಿಗೂ ಒಂದು ಮಾತು. ಸೆಂಟ್‌ಓಎಸ್ 8 ಅನ್ನು 2021ರ ಡಿಸೆಂಬರ್ 31ಕ್ಕೆ, 7 ಅನ್ನು 2024ರ ಜೂನ್ 30ಕ್ಕೆ ನಿಲ್ಲಿಸಿದರು. ಬಿಟ್ಟಿ ಅಂತ ಹಾಕಿಕೊಂಡವರು ಕನ್ವರ್ಟ್ ಟೂ ರೆಲ್ ಅನ್ನೋ ಟೂಲ್ ಹಿಡಿದು ರೆಡ್ ಹ್ಯಾಟ್ ಲೈಸೆನ್ಸಿಗೆ ಹೋದರು, ಇಲ್ಲವೇ ಬೇರೆ ಬಿಟ್ಟಿ ಹುಡುಕಿಕೊಂಡರು.

ಮಾಲೂರಿಗೆ ವಾಪಸ್ ಬರೋಣ. ಮೊದಲ ದಿನ ರೀಆರ್ಮ್ ಕಮಾಂಡ್ ಕೊಟ್ಟು ಉಸಿರು ತಗೊಂಡೆ. ಅದು ಟ್ರಯಲ್ ಗಡುವನ್ನು ಮತ್ತೆ ಮೊದಲಿನಿಂದ ಎಣಿಸುತ್ತದೆ, ಕೆಲವು ಸಲ ಮಾತ್ರ. ಗಂಟೆ ಬಾಧೆ ನಿಂತಿತು. "ಅಷ್ಟೇನಾ? ಹಂಗಾದ್ರೆ ಹಿಂಗೇ ಇರ್ಲಿ ಬಿಡಪ್ಪಾ" ಅಂದರು ಓನರ್. ಮನಸ್ಸು ಒಂದು ಕ್ಷಣ ಆ ಕಡೆ ವಾಲಿತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ದುಡ್ಡು ಕೊಟ್ಟ ಲೈಸೆನ್ಸ್ ಬೀರುವಿನಲ್ಲಿದೆ, ಪರೀಕ್ಷೆಗೆ ಅಂತ ಕೊಟ್ಟ ಕಾಪಿಯಲ್ಲಿ ಫ್ಯಾಕ್ಟರಿ ಓಡಿಸೋದು ಷರತ್ತಿಗೆ ವಿರುದ್ಧ, ಮುಂದಿನ ಸಲ ಆಫ್ ಆಗುವಾಗ ನಾನು ಎಲ್ಲಿರುತ್ತೇನೋ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆ. ಒಂದು ಹಳೆಯ ಮೆಷಿನ್‌ಗೆ ಪೂರ್ತಿ ವರ್ಷನ್ ಹಾಕಿ ಎರಡನೇ ಡೊಮೈನ್ ಕಂಟ್ರೋಲರ್ ಮಾಡಿದೆ. ಐದು ಯಜಮಾನಿಕೆಗಳಿರುತ್ತವೆ, ಎಫ್‌ಎಸ್‌ಎಂಓ ಅಂತಾರೆ, ಅವನ್ನು ಒಂದೊಂದಾಗಿ ಅದಕ್ಕೆ ವರ್ಗಾಯಿಸಿದೆ. ಹಳೆಯದನ್ನು ಡೊಮೈನ್ ಕಂಟ್ರೋಲರ್ ಪಟ್ಟದಿಂದ ಇಳಿಸಿದೆ. ಇಳಿಸಿದ ಮೇಲೆ ಡಿಸ್ಮ್ ತುಟಿ ಪಿಟಕ್ ಅನ್ನದೆ ಕೀ ತಗೊಂಡಿತು, ಎರಡು ಸಲ ರೀಸ್ಟಾರ್ಟ್ ಆಗಿ ಎದ್ದಿತು. ಸ್ಕ್ರೀನಿನ ಮೂಲೆಯಲ್ಲಿ ಉಳಿದ ದಿನಗಳ ಲೆಕ್ಕ ಇರಲಿಲ್ಲ. ಮತ್ತೆ ಪಟ್ಟಕ್ಕೆ ಏರಿಸಿ, ಯಜಮಾನಿಕೆ ವಾಪಸ್ ಕೊಟ್ಟು, ಹಳೆಯ ಮೆಷಿನ್ನನ್ನು ತೆಗೆದೆ. ರಾತ್ರಿ ಒಂಬತ್ತಾಗಿತ್ತು. ಮಧ್ಯಾಹ್ನ ಓನರ್ ಮನೆಯಿಂದ ಮುದ್ದೆ, ಬಸ್ಸಾರು ಕಳಿಸಿದ್ದರು. ಬೆಳಿಗ್ಗೆಯ ಟೆನ್ಷನ್‌ನಲ್ಲಿ ಅರ್ಧ ಮುದ್ದೆ ಮಾತ್ರ ಒಳಗೆ ಹೋಯಿತು.

ಸೋಮವಾರ ಹತ್ತು ಗಂಟೆಗೆ ಮೇಡಂ ಫೋನ್ ಮಾಡಿದರು. ಎದೆ ಧಸಕ್ ಅಂತು. "ಸಾರ್, ಆನ್ ಮಾಡಿ ಒಂದು ಗಂಟೆ ಮೇಲಾಯ್ತು, ಆಫೇ ಆಗ್ಲಿಲ್ಲ. ಇದು ಸರಿನಾ?" ಅಂದರು. ಸರಿ ಮೇಡಂ ಅಂದೆ. ಬ್ಯಾಟರಿಯ ಬಿಲ್ಲನ್ನು ನಾನು ಕೊಡುತ್ತೇನೆ ಅಂತ ಹೇಳಿದ್ದೆ, ಓನರ್ ತಗೊಳ್ಳಲಿಲ್ಲ. ಕೀ ಬರೆದ ಕಾಗದದ ಒಂದು ಫೋಟೋ ತೆಗೆದುಕೊಂಡು, ಅದನ್ನು ಹಾಕಿದ ತಾರೀಖನ್ನು ಕೆಳಗೆ ಬರೆದು ಮತ್ತೆ ಅದೇ ಬಿಲ್ಲಿಗೆ ಪಿನ್ ಹೊಡೆದು ಬೀರುವಿನಲ್ಲಿ ಇಡಿಸಿದೆ.